ವಂದನಾರ್ಪಣೆಯಲ್ಲಿ ಹೇಳದೆ ಉಳಿದ ಮಾತು

ನಮ್ಮೂರಿನ ಗ್ರಂಥಾಲಯ ಈ ರಾಜ್ಯೋತ್ಸವದ ದಿನ ಹೊಸ ಕಟ್ಟಡಕ್ಕೆ ಬಂತು. ವಂದನಾರ್ಪಣೆಯ ಸರದಿ ಬರುವ ಹೊತ್ತಿಗೆ ಊಟದ ವೇಳೆ ಮೀರಿತ್ತು, ಮಕ್ಕಳು ಹಸಿದಿದ್ದರು. ವೇದಿಕೆಯ ಮೇಲಿದ್ದ ಹಿರಿಯರ ಹೆಸರುಗಳನ್ನು ಓದಿ ಕೈಮುಗಿಯುವಷ್ಟು ಸಮಯ ಮಾತ್ರ ಸಿಕ್ಕಿತು. ಹೇಳಲೇಬೇಕಾಗಿದ್ದ ಮಾತು ಹಾಗೆಯೇ ಉಳಿಯಿತು. ಗ್ರಂಥಾಲಯದ ತಿಂಗಳ ಸುದ್ದಿ ಬರೆದು ಹಂಚುವುದು ಮೇಲ್ವಿಚಾರಕಿಯಾದ ನನ್ನ ಕೆಲಸ. ಈ ತಿಂಗಳ ಕಾರ್ಯಕ್ರಮಗಳ ವಿವರ ಕೊನೆಯಲ್ಲಿದೆ. ಮೊದಲು ಆ ಕಾರ್ಯಕ್ರಮಗಳಿಗೆ ಕಾರಣರಾದ ಒಬ್ಬರ ಬಗ್ಗೆ ಬರೆಯಬೇಕು.

ಹೊಳೆ ಬಂದ ಕಥೆಯನ್ನು ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಬೇರೆ ಕಡೆ ನೆಲೆಸಿರುವವರಿಗಾಗಿ ಎರಡು ಮಾತು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಆ ಕಾಡಿನಲ್ಲಿ ಮಳೆ ಹಿಡಿದರೆ ಸವದತ್ತಿ ಹತ್ತಿರದ ನವಿಲುತೀರ್ಥ ಜಲಾಶಯ ತುಂಬುತ್ತದೆ, ಗೇಟು ತೆರೆಯಬೇಕಾಗುತ್ತದೆ. ಆಗ ನಮ್ಮಂಥ ಎರೆನೆಲದ ಊರುಗಳಿಗೆ, ಮಳೆಗಾಗಿ ಮುಗಿಲು ನೋಡುತ್ತಲೇ ವರ್ಷ ಕಳೆಯುವ ಊರುಗಳಿಗೆ, ಹೊಳೆ ಒಳಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಬಂದದ್ದು ಹಾಗೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮತ್ತೆ ಬಂತು. ಯಾರ ಮನೆ ಬಿತ್ತು, ಯಾರ ಬೆಳೆ ಹೋಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ಲೆಕ್ಕ ಪ್ರತಿ ಮನೆಯಲ್ಲೂ ಇದೆ.

ಆಗಸ್ಟ್‌ನ ಆ ಸಂಜೆ ಪಂಚಾಯಿತಿಯ ಗಾಡಿ ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗಿತು. ಜನ ಜೋಳದ ಚೀಲ, ದನಕರು, ಟ್ರಂಕು ಹಿಡಿದು ಹೈಸ್ಕೂಲಿನತ್ತ ನಡೆದರು. ನಮ್ಮ ಮನೆಯವರೂ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದರು. ಗ್ರಂಥಾಲಯದ ಕೀಲಿಕೈ ನನ್ನ ಬಳಿ ಇತ್ತು. ಹಳೆಯ ಕಟ್ಟಡ ಹೊಳೆಯ ಮಗ್ಗುಲಿನ ತಗ್ಗಿನಲ್ಲಿದ್ದದ್ದು ನಿಮಗೆ ನೆನಪಿರಬಹುದು. ಬಾಗಿಲು ತೆರೆದು ಒಳಗೆ ನಿಂತೆ. ಐದು ಕಬ್ಬಿಣದ ರ‍್ಯಾಕು, ಎರಡು ಕಪಾಟು, ಮೂಲೆಯಲ್ಲಿ ಕಟ್ಟಿಟ್ಟ ಹಳೆಯ ಪತ್ರಿಕೆಗಳು. ಯಾವುದಕ್ಕೆ ಮೊದಲು ಕೈ ಹಾಕಬೇಕೋ ತಿಳಿಯಲಿಲ್ಲ. ಸಹಾಯಕ್ಕೆ ಯಾರನ್ನೂ ಕರೆಯುವಂತಿರಲಿಲ್ಲ. ಮನೆಗೆ ನೀರು ನುಗ್ಗುತ್ತಿರುವವರನ್ನು ಪುಸ್ತಕ ಹೊರಲು ಬನ್ನಿ ಎನ್ನುವುದಾದರೂ ಹೇಗೆ?

ಕರೆಯದೆ ಬಂದವರು ಹಮಾಲ ಕಾಕಾ. ಊರೆಲ್ಲ ಅವರನ್ನು ಕರೆಯುವುದು ಹಾಗೆಯೇ. ಎಪಿಎಂಸಿ ಯಾರ್ಡಿನಲ್ಲಿ ಚೀಲ ಹೊತ್ತೇ ಮೂರು ಮಕ್ಕಳ ಮದುವೆ ಮಾಡಿದವರು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ, ಮೀಸೆ ಬಂದು ಎಷ್ಟೋ ವರ್ಷಗಳಾದ ಮೇಲೆ, ಅಕ್ಷರ ಕಲಿತವರು. ಸಂತೆಯಿಲ್ಲದ ದಿನ ಗ್ರಂಥಾಲಯಕ್ಕೆ ಬಂದು ಪತ್ರಿಕೆಯ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ತುಟಿ ಆಡಿಸುತ್ತಾ ಓದುತ್ತಿದ್ದರು. ಹೆಂಡತಿಯನ್ನೂ ಆಡುಗಳನ್ನೂ ಮೇಲಿನ ಓಣಿಯ ತಮ್ಮನ ಮನೆಗೆ ಬಿಟ್ಟು, ಕೈಗಾಡಿಯಲ್ಲಿ ಖಾಲಿ ಗೋಣಿಚೀಲ ಹಾಕಿಕೊಂಡು ನೇರವಾಗಿ ಇಲ್ಲಿಗೆ ಬಂದಿದ್ದರು.

ಹಮಾಲರ ಕೈಯಲ್ಲಿ ಸದಾ ಕಬ್ಬಿಣದ ಕೊಕ್ಕೆ ಇರುತ್ತದೆ, ಚೀಲಕ್ಕೆ ಸಿಕ್ಕಿಸಿ ಎತ್ತುವುದಕ್ಕೆ. ಅಂದು ಅವರ ಕೈ ಬರಿದಾಗಿತ್ತು. ಕೊಕ್ಕೆ ಎಲ್ಲಿ ಎಂದು ಕೇಳಿದೆ. “ಕೊಕ್ಕೆ ಹಾಕಿದರೆ ಪುಸ್ತಕಕ್ಕೆ ತೂತು ಬೀಳುತ್ತದೆ ತಂಗಿ, ಮನೆಯಲ್ಲೇ ಬಿಟ್ಟು ಬಂದೆ” ಎಂದರು. ನೀರು ಬರುತ್ತಿರುವ ಹೊತ್ತಿನಲ್ಲಿ, ತಮ್ಮ ಮನೆಯ ಸಾಮಾನು ಇನ್ನೂ ಅರ್ಧ ಒಳಗಿರುವಾಗ, ಅವರು ಅಷ್ಟನ್ನು ಯೋಚಿಸಿ ಬಂದಿದ್ದರು. ಈ ಒಂದು ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಚೀಲದ ತಳಕ್ಕೆ ಚಿಂದಿ ಬಟ್ಟೆ ಹಾಸಿ, ಪುಸ್ತಕಗಳನ್ನು ಮಲಗಿಸಿ ಜೋಡಿಸಿ, ಮುಕ್ಕಾಲು ತುಂಬುತ್ತಲೇ ಸುತಳಿಯಿಂದ ಬಾಯಿ ಕಟ್ಟುತ್ತಿದ್ದರು. ಕಾಳಿನ ಚೀಲ ಬೆನ್ನಿಗೆ ಒಗ್ಗಿಕೊಳ್ಳುತ್ತದೆ, ಪುಸ್ತಕದ ಚೀಲ ಒಗ್ಗುವುದಿಲ್ಲ. ರಟ್ಟಿನ ಮೂಲೆಗಳು ಚುಚ್ಚುತ್ತವೆ. ವಲ್ಲಿಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿಗೆ ಹಾಕಿಕೊಂಡು, ಗಾಡಿ ಹೋಗುವವರೆಗೆ ಗಾಡಿಯಲ್ಲಿ, ರಾಡಿಯಲ್ಲಿ ಚಕ್ರ ಹೂತ ಮೇಲೆ ಬೆನ್ನ ಮೇಲೆ, ಶಾಲೆಯ ಮಹಡಿಗೆ ಸಾಗಿಸಿದರು. ಕರೆಂಟು ಹೋಯಿತು. ನಾನು ಮೊಬೈಲ್ ಬೆಳಕು ಹಿಡಿದು ರ‍್ಯಾಕು ಖಾಲಿ ಮಾಡುತ್ತಿದ್ದೆ. ನೀರು ಹೊಸ್ತಿಲು ದಾಟಿ ಪಾದಕ್ಕೆ ತಾಗಿದಾಗ ನನಗೆ ಕೈಕಾಲು ನಡುಗಿದವು. “ನೀನು ಹೊರಡು, ಮಕ್ಕಳು ಕಾಯುತ್ತಿರುತ್ತಾರೆ. ನನಗೆ ಈ ಹೊಳೆಯ ಗುಣ ಗೊತ್ತು” ಎಂದರು. ನಾನು ಹೋಗಲಿಲ್ಲ, ಅವರೂ ಮತ್ತೆ ಹೇಳಲಿಲ್ಲ. ಸದಸ್ಯತ್ವದ ರಿಜಿಸ್ಟರ್ ಮತ್ತು ಗ್ರಂಥಾಲಯದ ಪುಸ್ತಕಗಳ ಲೆಕ್ಕವಿರುವ ಅಕ್ಸೆಷನ್ ರಿಜಿಸ್ಟರ್ ಎರಡನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಅವರು ಕೊನೆಯ ಸಲ ಹೊರಬಂದಾಗ ನೀರು ಅವರ ಮೊಣಕಾಲಿನ ಮೇಲಿತ್ತು. ಬೆಳಗಿನ ಜಾವ ಶಾಲೆಯ ಮಹಡಿಯಲ್ಲಿ ಅಂಗಿ ಹಿಂಡಲು ತೆಗೆದಾಗ ನೋಡಿದೆ, ಬೆನ್ನ ತುಂಬ ಮೂಲೆ ಮೂಲೆಯ ಕೆಂಪು ಗುರುತುಗಳು.

ಕೆಳಗಿನ ಎರಡು ಸಾಲುಗಳು ಉಳಿಯಲಿಲ್ಲ. ನೀರಿಳಿದ ಮೇಲೆ ಹೋದರೆ ಪುಸ್ತಕಗಳು ಉಬ್ಬಿ, ರ‍್ಯಾಕಿನಲ್ಲಿ ಒಂದಕ್ಕೊಂದು ಬಿಗಿದುಕೊಂಡು, ಎಳೆದರೂ ಬರುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಆಮೇಲೆ ಕೇಳಿ ತಿಳಿದುಕೊಂಡೆ. ಬೇರೆ ಊರಿನ ಮೇಲ್ವಿಚಾರಕರಿಗೆ ಉಪಯೋಗವಾಗಲಿ ಎಂದು ಬರೆಯುತ್ತೇನೆ. ಒದ್ದೆಯಾದ ಪುಸ್ತಕವನ್ನು ಬಿಸಿಲಿಗೆ ಹಾಕಬಾರದು, ರಟ್ಟು ಸೊಟ್ಟಗಾಗುತ್ತದೆ, ಹಾಳೆ ಗರಿಗರಿಯಾಗಿ ಮುರಿಯುತ್ತದೆ. ನೆರಳಲ್ಲಿ, ಗಾಳಿ ಆಡುವ ಕಡೆ, ನಿಲ್ಲಿಸಿ ಒಣಗಿಸಬೇಕು. ಹಾಳೆಗಳ ನಡುವೆ ಹಳೆಯ ಪತ್ರಿಕೆ ಇಟ್ಟು, ಅದು ನೀರು ಹೀರಿಕೊಂಡಂತೆಲ್ಲ ಬದಲಿಸುತ್ತಾ ಇರಬೇಕು. ಎರಡು ದಿನ ತಡವಾದರೆ ಬೂಷ್ಟು ಶುರುವಾಗುತ್ತದೆ. ಬಣ್ಣದ ಚಿತ್ರಗಳಿರುವ ನುಣುಪು ಕಾಗದದ ಪುಸ್ತಕಗಳು ಅಂಟಿಕೊಂಡು ಗಟ್ಟಿಯಾದ ಮೇಲೆ ಬಿಡಿಸಲು ಆಗುವುದೇ ಇಲ್ಲ. ಮಕ್ಕಳ ಪುಸ್ತಕಗಳಲ್ಲಿ ಕೆಲವನ್ನು ನಾವು ಕಳೆದುಕೊಂಡದ್ದು ಹಾಗೆ.

ಆ ಒಣಗಿಸುವ ಕೆಲಸಕ್ಕೂ ಕಾಕಾ ಬಂದರು. ಯಾರ್ಡಿನಿಂದ ಮರಳಿ, ಕೈಕಾಲು ತೊಳೆದು, ಶಾಲೆಯ ಮಹಡಿಯಲ್ಲಿ ನಮ್ಮ ಜೊತೆ ಕೂರುತ್ತಿದ್ದರು. ಪರಿಹಾರ ಕೇಂದ್ರದಲ್ಲಿದ್ದ ಮಕ್ಕಳೂ ಬರುತ್ತಿದ್ದರು, ಅವರಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಹಾಳೆ ತಿರುವುವಾಗ ಕಾಕಾ ಅಭ್ಯಾಸಬಲದಿಂದ ಕಣ್ಣಿಗೆ ಬಿದ್ದ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದರು. ಅವರು ಒತ್ತಕ್ಷರದ ಹತ್ತಿರ ತಡೆದು ನಿಂತರೆ ಪಕ್ಕದಲ್ಲಿದ್ದ ಹುಡುಗಿ ಪೂರ್ತಿ ಮಾಡುತ್ತಿದ್ದಳು. ಆಮೇಲೆ ಅವಳು ತನ್ನ ಕೈಯಲ್ಲಿದ್ದ ಪುಸ್ತಕದ ಸಾಲು ಓದುತ್ತಿದ್ದಳು. ಒಬ್ಬರ ಕಥೆಯ ನಡುವಿನ ಸಾಲು, ಇನ್ನೊಬ್ಬರ ವಚನ, ಮತ್ತೊಬ್ಬರ ಪುಸ್ತಕದಲ್ಲಿ ಹತ್ತಿ ಬೆಳೆಯ ರೋಗ. ಯಾವುದಕ್ಕೂ ತಲೆಬುಡ ಇರುತ್ತಿರಲಿಲ್ಲ, ಆದರೂ ಮನೆ ಕಳೆದುಕೊಂಡ ಮಕ್ಕಳು ಅಲ್ಲಿ ನಗುತ್ತಿದ್ದರು. ತಿಂಗಳ ಕೊನೆಯ ಭಾನುವಾರ ನಾವು ನಡೆಸುವ ಗಟ್ಟಿ ಓದು ಹುಟ್ಟಿದ್ದು ಆ ಮಹಡಿಯಲ್ಲಿ. ಅದನ್ನು ನಾನು ಯೋಜಿಸಿದೆ ಎಂದು ಸಭೆಗಳಲ್ಲಿ ಹೊಗಳುತ್ತಾರೆ. ಆ ಹೊಗಳಿಕೆ ಸೇರಬೇಕಾದದ್ದು ಕಾಕಾನಿಗೆ.

ಬೆನ್ನು ಬಿಚ್ಚಿಹೋದ ಪುಸ್ತಕಗಳಿಗೆ ಹೊಲಿಗೆ ಹಾಕಿದವರೂ ಅವರೇ. ಚೀಲ ಹೊಲಿಯುವ ದಬ್ಬಣದಿಂದ ಅಂಚಿನುದ್ದಕ್ಕೂ ರಂಧ್ರ ಮಾಡಿ, ಮೇಣ ಸವರಿದ ದಾರ ಪೋಣಿಸಿ, ಹಲ್ಲಿನಿಂದ ದಾರ ಕಡಿದು ನನ್ನ ಕೈಗೆ ಕೊಡುತ್ತಿದ್ದರು. ಆ ಹೊಲಿಗೆ ಇನ್ನೂ ಒಂದೂ ಬಿಟ್ಟಿಲ್ಲ.

ಅಕ್ಟೋಬರ್‌ನಲ್ಲಿ ಹೊಳೆ ಮತ್ತೆ ಬಂದಾಗ ನನ್ನ ಧೈರ್ಯ ಪೂರ್ತಿ ಉಡುಗಿತು. ನಮ್ಮ ಮನೆಯ ಹಿಂಗೋಡೆ ಬಿದ್ದಿತ್ತು, ಗ್ರಂಥಾಲಯದ ಕಟ್ಟಡ ಬಳಕೆಗೆ ಯೋಗ್ಯವಲ್ಲ ಎಂದಾಗಿತ್ತು. ಯಾರಿಗಾಗಿ ಇದೆಲ್ಲ ಅನ್ನಿಸಿತು. ಇರುವ ಗೌರವಧನಕ್ಕೆ ಮಕ್ಕಳ ಹೊಟ್ಟೆಯನ್ನು ನೋಡಲೇ, ಕೊಳೆತ ಕಾಗದವನ್ನು ನೋಡಲೇ? ಬಾಗಿಲು ಹಾಕಿಕೊಂಡು ಅತ್ತೆ. ಬಿಟ್ಟುಬಿಡುತ್ತೇನೆ ಎಂದು ಕಾಕಾನ ಮುಂದೆಯೇ ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ. “ಇವತ್ತಿನ ಪೇಪರ್ ಬಂದಿದೆಯೇ?” ಎಂದು ಕೇಳಿದರು. ಬಂದಿತ್ತು. ಸಮುದಾಯ ಭವನದ ಕಟ್ಟೆಯ ಮೇಲೆ ಹರಡಿಕೊಂಡು ಓದಲು ಕುಳಿತರು. ಸ್ವಲ್ಪ ಹೊತ್ತಿಗೆ ಇನ್ನೂ ನಾಲ್ಕಾರು ಜನ ಬಂದು ಕೂತರು. ಮರುದಿನದಿಂದ ನಾನೂ ಅಲ್ಲೇ ರಿಜಿಸ್ಟರ್ ಇಟ್ಟುಕೊಂಡು ಕೂತೆ. ಆ ಭವನದ ಒಂದು ಕೋಣೆಯೇ ಈ ತನಕ ನಮ್ಮ ಗ್ರಂಥಾಲಯವಾಗಿತ್ತು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದದ್ದು ಅದೇ 2019ರಲ್ಲಿ. ಮರುವರ್ಷ ಕೊರೊನಾದಿಂದ ಶಾಲೆಗಳು ಮುಚ್ಚಿದ್ದವು. 2020ರ ನವೆಂಬರ್ 14ರಂದು ‘ಓದುವ ಬೆಳಕು’ ಎಂಬ ಸರ್ಕಾರದ ಕಾರ್ಯಕ್ರಮ ಆರಂಭವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಇದ್ದದ್ದು ಒಂದೇ ಕೋಣೆಯಾದರೂ ಮಕ್ಕಳನ್ನು ಅಂತರ ಬಿಟ್ಟು ಭವನದ ಅಂಗಳದಲ್ಲಿ ಕೂರಿಸಿದೆವು. ನೀರಿನ ಕಲೆಯಾದ ಪುಸ್ತಕಗಳನ್ನು ರದ್ದಿಗೆ ಹಾಕಿ ಎಂದವರಿದ್ದರು. ಪುಸ್ತಕ ಇರುವುದು ಬಳಕೆಗಾಗಿ ಎಂಬುದು ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್‌.ಆರ್‌. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು. ಓದಲು ಬರುವ ಪುಸ್ತಕವನ್ನು ಕಲೆಯಿದೆ ಎಂದು ಎಸೆಯಲು ನನಗೆ ಮನಸ್ಸು ಬರಲಿಲ್ಲ. ಅವರ ನೆನಪಿಗೆಂದು ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಮಾಡುವಾಗ ಆ ಕಲೆಯ ಪುಸ್ತಕಗಳನ್ನೇ ಮೇಜಿನ ಮೇಲೆ ಹರಡುತ್ತೇವೆ. ಮಕ್ಕಳು ಹೆಚ್ಚು ಎತ್ತಿಕೊಳ್ಳುವುದು ಅವುಗಳನ್ನೇ.

ಹೊಸ ಕಟ್ಟಡಕ್ಕೆ ಜಾಗ ಬಿಟ್ಟುಕೊಟ್ಟ ಮನೆತನದವರು, ಪಂಚಾಯಿತಿಯ ಅಧ್ಯಕ್ಷರು ಮತ್ತು ಸದಸ್ಯರು, ಪಿಡಿಒ ಅವರು, ಮಹಡಿಯ ಬಾಗಿಲನ್ನು ರಾತ್ರೋರಾತ್ರಿ ತೆರೆದುಕೊಟ್ಟ ಮುಖ್ಯೋಪಾಧ್ಯಾಯರು, ಬೆಂಗಳೂರು ಹುಬ್ಬಳ್ಳಿಗಳಿಂದ ಪುಸ್ತಕ ಕಳಿಸಿದ ಊರಿನ ಮಕ್ಕಳು, ಶನಿವಾರದ ಕಥೆಯ ಹೊತ್ತಿಗೆ ಬಂದು ಸಹಾಯ ಮಾಡುವ ಕಾಲೇಜು ಹುಡುಗಿಯರು, ಮನೆತೆರಿಗೆಯ ಪ್ರತಿ ನೂರು ರೂಪಾಯಿಗೆ ಆರು ರೂಪಾಯಿಯಂತೆ ಗ್ರಂಥಾಲಯ ಕರವನ್ನೂ ಕಟ್ಟುವ ಎಲ್ಲ ಮನೆಯವರು, ನಿಮಗೆಲ್ಲ ನನ್ನ ಕೃತಜ್ಞತೆಗಳು. ಪರಿಹಾರ ಕೇಂದ್ರಕ್ಕೆ ಬಟ್ಟೆಗಂಟಿನ ಜೊತೆ ಗ್ರಂಥಾಲಯದ ಪುಸ್ತಕವನ್ನೂ ಒಯ್ದು, ಮನೆಯೇ ಉಳಿಯದಿದ್ದರೂ ಪುಸ್ತಕವನ್ನು ತಂದು ಒಪ್ಪಿಸಿದ ಹೆಣ್ಣುಮಗಳೊಬ್ಬಳಿದ್ದಾಳೆ. ತಂಗಿ, ನಿನಗೂ.

ಉದ್ಘಾಟನೆಯ ದಿನ ಕಾಕಾ ಹಿಂದಿನ ಸಾಲಿನಲ್ಲಿ ಕೂತಿದ್ದರು. ಈಗ ಚೀಲ ಹೊರುವುದಿಲ್ಲ, ಸೊಂಟ ಒಪ್ಪುವುದಿಲ್ಲ. ಸಭೆ ಮುಗಿದ ಮೇಲೆ ಒಳಗೆ ಬಂದು ರ‍್ಯಾಕುಗಳನ್ನು ನೋಡಿ, ಕೆಳಗಿನ ಸಾಲು ನೆಲದಿಂದ ಎಷ್ಟು ಎತ್ತರವಿದೆ ಎಂದು ಗೇಣು ಹಾಕಿ ಅಳೆದರು. ಸಾಕು ಎಂಬಂತೆ ತಲೆಯಾಡಿಸಿದರು. ಕಾಕಾ, ನಿಮಗೆ ಇಂಥ ಬರಹ ಇಷ್ಟವಾಗುವುದಿಲ್ಲ ಎಂದು ಗೊತ್ತು. ಬೆರಳಿಟ್ಟು ಓದುತ್ತಾ ಇಲ್ಲಿಯವರೆಗೆ ಬಂದಿದ್ದರೆ ನನ್ನನ್ನು ಬೈಯುತ್ತೀರಿ. ಬೈಯಿರಿ. ಅಂದು ನೀವು ಬರದಿದ್ದರೆ ನಾನು ಒಬ್ಬಳೇ ಬಾಗಿಲು ಹಾಕಿ ಹೋಗುತ್ತಿದ್ದೆ, ಮತ್ತೆ ತೆರೆಯುತ್ತಿರಲಿಲ್ಲ. ಇದನ್ನು ನಿಮ್ಮೆದುರು ಹೇಳಲು ಹೋದಾಗಲೆಲ್ಲ ಗಂಟಲು ಕಟ್ಟುತ್ತದೆ, ಅದಕ್ಕೆ ಬರೆದೆ.

ಇನ್ನು ಈ ತಿಂಗಳ ಸುದ್ದಿ. 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. 14ರಂದು ಮಕ್ಕಳ ದಿನವೂ ಹೌದು, ಇನ್ನೂ ಸದಸ್ಯರಾಗದ ಮಕ್ಕಳ ಹೆಸರು ಅಂದು ಬರೆದುಕೊಳ್ಳುತ್ತೇವೆ. ಸಪ್ತಾಹದ ಒಂದು ಮಧ್ಯಾಹ್ನ ಸ್ತ್ರೀಶಕ್ತಿ ಸಂಘದವರಿಗೆಂದೇ ಇಟ್ಟಿದೆ, ಹೊಲದ ಕೆಲಸ ನೋಡಿಕೊಂಡು ದಿನವನ್ನು ಅವರೇ ಹೇಳಲಿ. ಮಕ್ಕಳ ಗ್ರಾಮಸಭೆಯ ದಿನವನ್ನು ಪಂಚಾಯಿತಿ ತಿಳಿಸಲಿದೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಮಕ್ಕಳು ಈಗಾಗಲೇ ಬರೆದು ಡಬ್ಬಿಗೆ ಹಾಕುತ್ತಿದ್ದಾರೆ. 26ರಂದು ಸಂವಿಧಾನ ದಿನ, ಬೆಳಿಗ್ಗೆ ಎಲ್ಲರೂ ಸೇರಿ ಪೀಠಿಕೆ ಓದುತ್ತೇವೆ. ಕೊನೆಯ ಭಾನುವಾರ ಸಂಜೆ ಗಟ್ಟಿ ಓದು, ಹೊಸ ಕಟ್ಟಡದಲ್ಲಿ ಮೊದಲನೆಯದು. ಮೊದಲ ಪುಟ ಓದಲು ಕಾಕಾ ಒಪ್ಪಿದ್ದಾರೆ.

ಹೊಳೆ ಬಂದ ವರ್ಷ ಒಯ್ದ ಪುಸ್ತಕ ಯಾರ ಮನೆಯಲ್ಲಾದರೂ ಉಳಿದಿದ್ದರೆ, ಯಾವ ಸ್ಥಿತಿಯಲ್ಲಿದ್ದರೂ ತಂದುಕೊಡಿ. ದಂಡ ಇಲ್ಲ. ಹರಿದಿದ್ದರೆ ಹೊಲಿಯುತ್ತೇವೆ.