ಆಪ್ಷನ್ ಎಂಟ್ರಿ: ಬೇಕಾದ ಕಾಲೇಜು ಮೇಲಿರಲಿ

ಮಾನ್ಯ ಸಂಪಾದಕರೇ,

ಶಿರಾದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ, ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಸಿಇಟಿ ರ್‍ಯಾಂಕ್ ಬಂದ ಮೇಲೆ ಇಂಜಿನಿಯರಿಂಗ್ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿಯನ್ನು ಕ್ರಮವಾಗಿ ಆನ್‌ಲೈನಿನಲ್ಲಿ ತುಂಬಿಸಲು, ಬರುವವರು ವರ್ಷವೂ ಒಂದೇ ತಪ್ಪು ಮಾಡುತ್ತಾರೆ.

"ಸಿಗೋ ಕಾಲೇಜನ್ನ ಮೊದಲು ಹಾಕಿ ಸಾರ್, ಸಿಗದೇ ಇರೋದಕ್ಕೆ ಒಂದನೇ ನಂಬರ್ ಯಾಕೆ ವೇಸ್ಟ್ ಮಾಡ್ತೀರಾ?" ಅನ್ನುತ್ತಾರೆ. ವೇಸ್ಟ್ ಆಗುವುದೇ ಇಲ್ಲ. ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ರ್‍ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿಂದ ಕೆಳಕ್ಕೆ ನೋಡುತ್ತಾ ಬರುತ್ತದೆ. ಎಲ್ಲಿ ಸೀಟು ಸಿಕ್ಕಿತೋ ಅಲ್ಲಿಗೆ ನಿಲ್ಲುತ್ತದೆ, ಅದರ ಕೆಳಗಿನದೆಲ್ಲ ಹೋಯಿತು. ಬೆಂಗಳೂರಿನ ಆರ್.ವಿ. ಕಾಲೇಜು ಒಂದನೇ ನಂಬರಲ್ಲಿದ್ದು ಸಿಗದೆ ಹೋದರೆ, ಐದನೇ ನಂಬರಿನ ತುಮಕೂರು ಎಸ್‌ಐಟಿ ಸೀಟಿಗೆ ಏನೂ ಆಗುವುದಿಲ್ಲ. ಸುಲಭವಾಗಿ ಸಿಗುವುದನ್ನು ಮೇಲೆ ಹಾಕಿದವರಿಗೇ ಕಷ್ಟ. ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯಲು ಚಾಯ್ಸ್ 2 ಇದೆ, ನಿಜ. ಆದರೆ ಮೇಲೆ ಇನ್ನೊಂದು ಕಾಲೇಜು ಇದ್ದರೆ ತಾನೇ ಅಲ್ಲಿಗೆ ಹೋಗುವುದು?

ಇನ್ನು ಕಟ್‌ಆಫ್, ಅಂದರೆ ಒಂದು ಸೀಟು ಕೊನೆಗೆ ಯಾವ ರ್‍ಯಾಂಕಿನವರಿಗೆ ಸಿಕ್ಕಿತು ಅನ್ನುವುದು. ಹಿಂದಿನ ವರ್ಷದ್ದು ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಇರುತ್ತದೆ. ನಮ್ಮವರು ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿ ಹೆದರಿಬಿಡುತ್ತಾರೆ. ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಹತ್ತನೇವರೆಗೆ ಓದಿದ 2ಎ ಮೀಸಲಾತಿಯ ಹುಡುಗ ನೋಡಬೇಕಾದದ್ದು 2ಎಆರ್ (ಗ್ರಾಮೀಣ), 2ಎಕೆ (ಕನ್ನಡ ಮಾಧ್ಯಮ) ಕಾಲಂಗಳನ್ನು. ಅದೂ ಮೊದಲ ಸುತ್ತಿನದೊಂದೇ ಅಲ್ಲ, ಕೊನೆಯ ಸುತ್ತಿನದೂ ನೋಡಬೇಕು.

ಹೋದ ವರ್ಷ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಅವಳಿಗೆ ಬೆಂಗಳೂರಿನ ಯುವಿಸಿಇಯಲ್ಲಿ ಸಿವಿಲ್ ಇಂಜಿನಿಯರಿಂಗ್ ಬೇಕು. 1917ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಸರ್ಕಾರಿ ಕಾಲೇಜು, ಫೀಸೂ ಕಮ್ಮಿ. ಅಪ್ಪನದು ಒಂದೇ ಹಟ: "ಯಾವ ಕಾಲೇಜಾದ್ರೂ ಸರಿ ಸ್ವಾಮಿ, ಕಂಪ್ಯೂಟರ್ ಸೈನ್ಸ್ ಹಾಕಿ." ಪಟ್ಟಿಯಲ್ಲಿ ಕಾಲೇಜು ಮತ್ತು ಬ್ರಾಂಚ್ ಸೇರಿ ಒಂದು ಆಪ್ಷನ್. ಹಾಗಾಗಿ ಸಿವಿಲ್ ಒಂದು, ಸಿಎಸ್ ಒಂದು ಅಂತ ಬೆರೆಸಿ ಹಾಕಬಹುದು. ಅವಳದು ಮೇಲೆ, ಅಪ್ಪನದು ಕೆಳಗೆ ಅಂತ ಒಪ್ಪಂದವಾಯಿತು. ಅವಳು ಕೇಳಿದ್ದೇ ಸಿಕ್ಕಿತು. ಅಪ್ಪ ಈಗಲೂ ನನ್ನ ಅಂಗಡಿ ಮುಂದೆ ಮುಖ ತಿರುಗಿಸಿಕೊಂಡೇ ಹೋಗುತ್ತಾರೆ, ಇರಲಿ.

ಇದಕ್ಕೆ ಉಲ್ಟಾ ಮಾಡುವವರೂ ಇದ್ದಾರೆ. ದೊಡ್ಡ ಹೆಸರಿನ ನಾಲ್ಕೈದು ಕಾಲೇಜು ಹಾಕಿ ಎದ್ದುಬಿಡುತ್ತಾರೆ, ಆಮೇಲೆ ಸೀಟೇ ಇಲ್ಲ. ಪಟ್ಟಿ ಉದ್ದ ಇರಲಿ. ಆದರೆ ಸಿಕ್ಕರೂ ಹೋಗದ ಕಾಲೇಜನ್ನು ಸುಮ್ನೆ ತುಂಬಬೇಡಿ. ಫೀಸು, ಹಾಸ್ಟೆಲ್, ಓಡಾಟದ ಖರ್ಚು ಎಲ್ಲ ಕೂಡಿಸಿ ನೋಡಿಯೇ ಹಾಕಿ. ಅಣಕು ಸೀಟು ಹಂಚಿಕೆ ನೋಡಿ ಕೆಲವರು ಅತ್ತೇಬಿಡುತ್ತಾರೆ. ಅದು ಅಂದಾಜಿಗೆ ಮಾತ್ರ, ಅದಾದ ಮೇಲೂ ಪಟ್ಟಿ ತಿದ್ದಲು ಸಮಯ ಕೊಡುತ್ತಾರೆ.

ಈ ಗೊಂದಲದಲ್ಲೇ ದುಡ್ಡು ಮಾಡುವವರಿದ್ದಾರೆ. "ಎಕ್ಸ್‌ಪರ್ಟ್ ಲಿಸ್ಟ್" ಅಂತ ಒಂದೇ ಪಟ್ಟಿಯನ್ನು ಹತ್ತು ಜನರಿಗೆ ಮಾರಿದ್ದನ್ನು ನನ್ನ ಪ್ರಿಂಟರಿನಲ್ಲೇ ನೋಡಿದ್ದೇನೆ. ರ್‍ಯಾಂಕ್ ಬೇರೆ, ಕೆಟಗರಿ ಬೇರೆ, ಪಟ್ಟಿ ಮಾತ್ರ ಅದೇ!

ಪಿಯು ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಸಿಇಟಿ ಮುಗಿದ ಮೇಲೆ ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲೂ ಅರ್ಧ ದಿನ ಮಕ್ಕಳನ್ನೂ ಪೋಷಕರನ್ನೂ ಕೂರಿಸಿ, ಒಂದು ಮಾದರಿ ಪಟ್ಟಿಯನ್ನು ಬೋರ್ಡ್ ಮೇಲೆ ಬರೆದು ಕನ್ನಡದಲ್ಲಿ ವಿವರಿಸಲಿ. ಪೋಷಕರಲ್ಲಿ ಇನ್ನೊಂದು ಮಾತು: ಎಂಟ್ರಿ ಮಾಡಿಸಲು ಬರುವಾಗ ಒಟಿಪಿ ಬರುವ ಫೋನ್ ಜೊತೆಗೆ ಓದುವ ಮಗುವನ್ನೂ ಕರೆದುಕೊಂಡು ಬನ್ನಿ.

– ಒಬ್ಬ ಜೆರಾಕ್ಸ್ ಅಂಗಡಿಯವ, ಶಿರಾ