ಪುಟ್ಟಿ, ಆ ಹುಡುಗನ ಪ್ರಶ್ನೆ ಬಗ್ಗೆ

ಪುಟ್ಟಿ,

ನಿನ್ನ ಮೇಲ್ ಓದಿ ಎರಡು ದಿನ ಆಯ್ತು ಕಣೇ, ಉಳಿದಿದ್ದಕ್ಕೆಲ್ಲ ಆಮೇಲೆ ಬರೀತೀನಿ, ಆ ಒಂದು ಸಾಲು ಮಾತ್ರ ತಲೆಯಿಂದ ಹೋಗ್ತಾನೇ ಇಲ್ಲ. "ದೊಡ್ಡಮ್ಮ, ಏಳು ಜನರ ಸಾವನ್ನ ನಾನು ಮಕ್ಕಳಿಗೆ ಹೋಂವರ್ಕ್ ಮಾಡಿಬಿಟ್ನಾ" ಅಂತ ಕೇಳಿದೀಯ. ಕೊಲಂಬಿಯಾ ಬಾಹ್ಯಾಕಾಶ ನೌಕೆಯ ದುರಂತದ ಬಗ್ಗೆ ಹುಡುಕಿ ಬರೀರಿ ಅಂದಿದ್ದಕ್ಕೆ ಆ ಹುಡುಗ ಪೆನ್ಸಿಲ್ ಕೆಳಗಿಟ್ಟು "ಮಿಸ್, ಅವ್ರಿಗೆ ಗೊತ್ತಾಗಿತ್ತಾ?" ಅಂದನಂತೆ, ನೀನು ಬಾಯಿ ಕಟ್ಟಿ ನಿಂತೆಯಂತೆ, ಈಗ ಪ್ರಾಜೆಕ್ಟೇ ನಿಲ್ಲಿಸ್ಬಿಡ್ಲಾ ಅಂತಿದೀಯ.

ನಿಲ್ಲಿಸ್ಬೇಡ ಅನ್ನೋಕೆ ನಂಗೆ ಬಾಯಿಲ್ಲ. ಯಾಕಂದ್ರೆ ನಾನು ನಿಲ್ಲಿಸಿದವಳು, ನಿನಗೆ ಇದನ್ನ ಯಾವತ್ತೂ ಹೇಳಿಲ್ಲ.

2003 ಫೆಬ್ರವರಿ 1, ಶನಿವಾರ ಸಂಜೆ. ಟೀವೀಲಿ ನೀಲಿ ಆಕಾಶದಲ್ಲಿ ಒಂದು ಬಿಳಿ ಗೆರೆ ಇದ್ದಿದ್ದು ಮೂರು ನಾಲ್ಕಾಗಿ ಹರಿದು ಹೋಗ್ತಿತ್ತು, ಇಳಿಯೋಕೆ ಇನ್ನು 16 ನಿಮಿಷ ಅಷ್ಟೇ ಬಾಕಿ ಇತ್ತಂತೆ. ಸೋಮವಾರ ಪ್ರೇಯರಲ್ಲಿ ಎರಡು ನಿಮಿಷ ಮೌನ ಮಾಡಿಸಿ ಕ್ಲಾಸಿಗೆ ಹೋದ್ರೆ ಎಂಟನೇ ಕ್ಲಾಸಿನ ಒಬ್ಬಳು, ಕಲ್ಪನಾ ಚಾವ್ಲಾ ಫೋಟೋ ಪೇಪರಿಂದ ಕತ್ತರಿಸಿ ಜಾಮಿಟ್ರಿ ಬಾಕ್ಸಿನ ಮುಚ್ಚಳದೊಳಗೆ ಅಂಟಿಸ್ಕೊಂಡಿದ್ದವಳು, ಎದ್ದು ನಿಂತು "ಟೀಚರ್, ಅವ್ರಿಗೆ ನೋವಾಯ್ತಾ" ಅಂದ್ಲು. "ಅದೆಲ್ಲ ಈಗ ಬೇಡ, ಕೂತ್ಕೋ, ಪುಸ್ತಕ ತೆಗೀರಿ" ಅಂದೆ. ಪೋರ್ಷನ್ ಮುಗಿಸ್ಬೇಕಿತ್ತು ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳ್ಕೊಂಡೆ, ನಿಜಕ್ಕೂ ನಂಗೆ ಹೆದ್ರಿಕೆ ಆಗಿತ್ತು. ಅದೇ ವಾರ, 5ನೇ ತಾರೀಖು, ಮೆಟ್‌ಸ್ಯಾಟ್ ಅನ್ನೋ ಹವಾಮಾನ ಉಪಗ್ರಹಕ್ಕೆ ಕಲ್ಪನಾ-1 ಅಂತ ಹೆಸರಿಟ್ರು, ಅದನ್ನ ನೋಡ್ಕೊಳ್ತಿದ್ದಿದ್ದು ನಮ್ಮ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನವರೇ. ಅಷ್ಟು ಹತ್ರ ಇದ್ದ ವಿಷಯಾನೂ ಅವಳಿಗೆ ಹೇಳ್ಲಿಲ್ಲ ನಾನು. ಅವಳು ಮತ್ತೆ ಆ ವಿಷಯ ಎತ್ತಲೇ ಇಲ್ಲ, ಒಂದು ದಿನ ನೋಡ್ತೀನಿ, ಬಾಕ್ಸಲ್ಲಿ ಫೋಟೋ ಇಲ್ಲ, ಅಂಟಿನ ಕಲೆ ಮಾತ್ರ ಇತ್ತು.

ಅದಕ್ಕೇ ನಿನ್ನ ಭಯ ಓದಿದಾಗ ಹೊಟ್ಟೆಯೊಳಗೆ ಹೆಂಗೆಂಗೋ ಆಯ್ತು. ಹೋಂವರ್ಕ್ ಅಂತೀಯಲ್ಲ, ಬರೀ ಹೋಂವರ್ಕ್ ಆಗಿದ್ರೆ ಆ ಹುಡುಗ ನೆಟ್ ನೋಡಿ ಹೆಸರು ತಾರೀಖು ಇಳಿಸಿ ಕೊಟ್ಟು ಆಟಕ್ಕೆ ಓಡ್ತಿರ್ಲಿಲ್ವಾ? ಅವನು ಆ ಏಳು ಜನರ ಹತ್ರ ಹೋಗಿ ನಿಂತಿದಾನೆ ಪುಟ್ಟಿ, ಅಲ್ಲಿಂದ ಕೇಳ್ತಿದಾನೆ.

ರಿಟೈರ್ ಆದ್ಮೇಲೆ ಆ ತನಿಖಾ ಮಂಡಳಿಯ ವರದಿ ಡೌನ್‌ಲೋಡ್ ಮಾಡ್ಕೊಂಡು ಡಿಕ್ಷನರಿ ಪಕ್ಕ ಇಟ್ಕೊಂಡು ಓದಿದೆ, ಯಾರಿಗೋಸ್ಕರ ಓದಿದೆ ಅಂತ ನಿಂಗೆ ಗೊತ್ತಾಗುತ್ತೆ. ಮೇಲೇರಿದ 82ನೇ ಸೆಕೆಂಡಿಗೆ ಇಂಧನದ ದೊಡ್ಡ ಟ್ಯಾಂಕಿಂದ ಮುಕ್ಕಾಲು ಕೆಜಿಯಷ್ಟು ಫೋಮ್ ಕಿತ್ತು ಎಡ ರೆಕ್ಕೆಗೆ ಬಡೀತು, ಗಂಟೆಗೆ 800 ಕಿಮೀಗಿಂತ ಜಾಸ್ತಿ ವೇಗದಲ್ಲಿ. ಫೋಟೋ ತೆಗೆಸಿ ನೋಡೋಣ ಅಂತ ಎಂಜಿನಿಯರ್‌ಗಳು ಕೇಳಿದ್ರು, ನಾಸಾದ ಮೇಲಧಿಕಾರಿಗಳು ಬೇಡ ಅಂದ್ರು. ನೌಕೇಲಿದ್ದವರಿಗೆ ಇಮೇಲಲ್ಲಿ ಫೋಮ್ ಬಡಿದಿದೆ, ಚಿಂತೆ ಮಾಡೋದೇನಿಲ್ಲ ಅಂತ ತಿಳಿಸಿದ್ರು. ಕೊನೇಲಿ ನೌಕೆ ಹತೋಟಿ ತಪ್ಪಿದ ಕೆಲವು ಸೆಕೆಂಡು ಅವ್ರಿಗೆ ಗೊತ್ತಾಗಿರುತ್ತೆ, ಆಮೇಲೆ ಗಾಳಿ ಹೋಗಿ ಬೇಗ ಪ್ರಜ್ಞೆ ತಪ್ಪಿತು, ಇದು ನಾಸಾದವರೇ 2008ರಲ್ಲಿ ಬರೆದಿದ್ದು. ಅಂದ್ರೆ ಆ ಹುಡುಗನ ಪ್ರಶ್ನೆಗೆ ಉತ್ತರ ಇದೆ, ಹುಡುಕಿದ್ರೆ ಸಿಗುತ್ತೆ, ಆದ್ರೆ ಅವನೊಬ್ಬನೇ ರಾತ್ರಿ ಫೋನಲ್ಲಿ ಹುಡುಕೋದು ಬೇಡ, ನೀನು ಪಕ್ಕದಲ್ಲಿ ಕೂತಿರು. ಬೇರೆ ಟೀಚರ್‌ಗೆ ಬುದ್ಧಿ ಹೇಳೋಷ್ಟು ನಾನು ದೊಡ್ಡವಳಲ್ಲ, ಆದ್ರೂ ನೌಕೆ ಹರಿದು ಹೋಗೋ ಆ ವಿಡಿಯೋ ಹಾಕ್ಬೇಡ ಅನ್ಸುತ್ತೆ. 1986ರಲ್ಲಿ ಚಾಲೆಂಜರ್ ಅನ್ನೋ ಇನ್ನೊಂದು ನೌಕೆ ಸಿಡಿದು ಹೋದಾಗ ಅಮೆರಿಕದ ಕಾಂಕರ್ಡ್ ಊರಿನ ಶಾಲೆ ಮಕ್ಕಳು ಅದರಲ್ಲಿದ್ದ ತಮ್ಮ ಕ್ರಿಸ್ಟಾ ಮೆಕಾಲಿಫ್ ಟೀಚರ್ನ ಟೀವೀಲಿ ನೋಡ್ತಾನೇ ಕೂತಿದ್ರು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ನಂಗೆ ಕೂರೋಕಾಗಲ್ಲ.

ಎಲ್ಲರೂ ಆ ಕೊನೆ ನಿಮಿಷದ ಬಗ್ಗೆನೇ ಬರೀಬೇಕು ಅಂತಿಲ್ಲ ಅಲ್ವಾ? ಕೊಲಂಬಿಯಾದಲ್ಲಿ ಬೇರೆ ಬೇರೆ ದೇಶದ ಶಾಲೆ ಮಕ್ಕಳ ಪ್ರಯೋಗ ಇದ್ವು, ಇರುವೆ, ಜೇಡ, ರೇಷ್ಮೆ ಹುಳ, ನಿನ್ನ ಮಕ್ಕಳ ವಯಸ್ಸಿನವರು ಕಳಿಸಿದ್ದು. ಟೆಕ್ಸಾಸಿನ ಕಾಡಲ್ಲಿ ಜನ ಸಾಲಾಗಿ ನಡೆದು 84,000 ಚೂರು ಆರಿಸಿದ್ರು, ಅದರಲ್ಲಿ ಒಂದು ಡಬ್ಬೀಲಿದ್ದ ಪುಟ್ಟ ಹುಳುಗಳು ಇನ್ನೂ ಬದುಕಿದ್ವು. ಹೆದರೋ ಮಗುಗೆ ಇದನ್ನ ಕೊಡಬಹುದೇನೋ, ಗೊತ್ತಿಲ್ಲ, ನಿನ್ನ ಮಕ್ಕಳು ನಿನಗೇ ಚೆನ್ನಾಗಿ ಗೊತ್ತು. ಮನೆಯವರಿಗೆ ಮೊದಲೇ ಒಂದು ಚೀಟಿ ಕಳಿಸಿದ್ರೆ ಒಳ್ಳೇದಿತ್ತು, ಈಗ್ಲೂ ತಡ ಆಗಿಲ್ಲ.

ಹೋಂವರ್ಕ್ ಆಗ್ಬಾರ್ದು ಅಂತಿದ್ರೆ ಒಂದು ಮಾಡ್ತೀಯಾ, ಅದಕ್ಕೆ ಮಾರ್ಕ್ಸ್ ಹಾಕ್ಬೇಡ. ಆ ಹುಡುಗನಿಗೆ ಅವನ ಪ್ರಶ್ನೇನೇ ಮೇಲ್ಗಡೆ ಹೆಡ್ಡಿಂಗ್ ಮಾಡಿ ಬರಿ ಅನ್ನು. ಬರೆದ್ಮೇಲೆ, ಅವನು ಹೂಂ ಅಂದ್ರೆ ಮಾತ್ರ, ಫೋಟೋ ತೆಗ್ದು ಕಳಿಸು, ನಿಧಾನವಾಗಿ ಓದ್ತೀನಿ.

ನಿನ್ನ
ದೊಡ್ಡಮ್ಮ