ಬಂಡೆ ಖರಾಬಲ್ಲ ಸಾರ್: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ನಮಸ್ಕಾರ ಸಾರ್.

ನಾನು ಬಂಡೆ ಹತ್ತುವವನು. ವಾರವೆಲ್ಲ ಬೆಂಗಳೂರಿನಲ್ಲಿ ಕೆಲಸ. ಭಾನುವಾರ ಬೆಳಗಾಗುವ ಮೊದಲೇ ಹಗ್ಗ, ಬೂಟು ಗಂಟುಕಟ್ಟಿಕೊಂಡು ಮಾಗಡಿ ಕಡೆಗೋ ರಾಮನಗರದ ಕಡೆಗೋ ಹೊರಡುತ್ತೇನೆ. ನಮ್ಮಂಥವರು ಅರ್ಜಿ ಬರೆದರೆ ಸಾಮಾನ್ಯವಾಗಿ ಪ್ರವಾಸೋದ್ಯಮ ಇಲಾಖೆಗೋ ಅರಣ್ಯ ಇಲಾಖೆಗೋ ಬರೆಯುತ್ತೇವೆ. ಕಂದಾಯದವರಿಗೂ ಇದಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಸಂಬಂಧ ಇರುವುದು ಒಂದೇ ಒಂದು ಪದದ್ದು. ಖರಾಬು.

ನಾನು ಹತ್ತುವುದನ್ನು ಕಲಿತದ್ದು ಮಾಗಡಿ ಸೀಮೆಯ ಒಂದು ಹಳ್ಳಿಯ ಹಿಂದಿದ್ದ ಗುಡ್ಡದಲ್ಲಿ. ಅದಕ್ಕೆ ದೊಡ್ಡ ಹೆಸರೇನೂ ಇರಲಿಲ್ಲ. ಊರವರು ಸುಮ್ನೆ ಕಲ್ಲುಗುಟ್ಟೆ ಅನ್ನುತ್ತಿದ್ದರು. ಮಗುಚಿಟ್ಟ ಹಂಡೆಯ ಹಾಗೆ ಇತ್ತು. ಪಡುವಣ ಮಗ್ಗುಲಿನಲ್ಲಿ ಬುಡದಿಂದ ತುದಿವರೆಗೆ ಒಂದು ಬಿರುಕು, ಸರಿಯಾಗಿ ಒಂದು ಮುಷ್ಟಿಯಷ್ಟು ಅಗಲ. ಕೈಯನ್ನು ಒಳಗೆ ತೂರಿಸಿ ಮುಷ್ಟಿ ಬಿಗಿದರೆ ಅದು ಬೀಗ ಹಾಕಿದ ಹಾಗೆ ಕೂತುಬಿಡುತ್ತಿತ್ತು. ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಕಾಲು ಮೇಲೆತ್ತಿ, ಇನ್ನೊಂದು ಕೈ ತೂರಿಸಬೇಕು. ತುದಿ ಮುಟ್ಟುವಷ್ಟರಲ್ಲಿ ಕೈ ಹಿಂಭಾಗದ ಚರ್ಮ ತರಚಿ ರಕ್ತ ಬಂದಿರುತ್ತಿತ್ತು. ತುದಿಯಲ್ಲಿ ಒಂದು ದೊಣೆ. ಮಳೆಗಾಲ ಮುಗಿದು ಎಷ್ಟೋ ದಿನದವರೆಗೂ ಅದರಲ್ಲಿ ನೀರು ನಿಂತಿರುತ್ತಿತ್ತು. ಆ ನೀರಿನಲ್ಲೇ ಕೈ ತೊಳೆದುಕೊಂಡು ಬುತ್ತಿ ಬಿಚ್ಚುತ್ತಿದ್ದೆವು.

ಕೆಳಗೆ ಆಡು ಮೇಯಿಸುತ್ತಿದ್ದ ಅಜ್ಜಿಯೊಬ್ಬರಿದ್ದರು. ಬಿದ್ದರೆ ಪೆಟ್ಟಾಗದಿರಲಿ ಅಂತ ನಾವು ಬೆನ್ನಿಗೆ ಹೊತ್ತು ತರುವ ದಪ್ಪ ಫೋಮಿನ ಪ್ಯಾಡು ನೋಡಿ ಮೊದಲ ದಿನವೇ ಕೇಳಿದ್ದರು. "ಅಲ್ಲ ಕಣ್ರಪ್ಪಾ, ಹಾಸಿಗೆ ಹೊತ್ಕೊಂಡು ಗುಡ್ಡಕ್ಕೆ ಬತ್ತೀರಲ್ಲ, ಮನೇಲಿ ಮಲಗಾಕೆ ಜಾಗ ಇಲ್ವಾ?" ಇದು ಬಿದ್ದಾಗ ಬೇಕಾಗುತ್ತದಜ್ಜಿ ಅಂದೆ. "ಬೀಳ್ತೀವಿ ಅಂತ ಗೊತ್ತಿದ್ದೂ ಹತ್ತೀರಾ?" ಅಂದರು. ಈವತ್ತಿಗೂ ನನ್ನ ಹತ್ತಿರ ಅದಕ್ಕೆ ಸರಿಯಾದ ಉತ್ತರ ಇಲ್ಲ.

ಕೊರೊನಾ ಕಾಲದಲ್ಲಿ ಎರಡು ವರ್ಷ ಆ ಕಡೆ ಹೋಗಲಾಗಲಿಲ್ಲ. ಆಮೇಲೆ ಹೋದಾಗ ಟಿಪ್ಪರ್ ಓಡಾಡಿ ಹಳ್ಳಬಿದ್ದ ರಸ್ತೆ. ಅವರೆ ಗಿಡದ ಮೇಲೆಲ್ಲ ಹಿಟ್ಟು ಚೆಲ್ಲಿದ ಹಾಗೆ ಕ್ರಷರ್ ದೂಳು. ಗುಡ್ಡ ಇದ್ದ ಕಡೆ ಒಂದು ಗುಂಡಿ, ಅದರಲ್ಲಿ ಹಸಿರು ನೀರು. ದಡದಲ್ಲಿ ನಿಂತಿದ್ದ ಹುಡುಗ "ಅಣ್ಣಾ ಇಳೀಬೇಡಿ, ಆಳ ಗೊತ್ತಾಗಲ್ಲ" ಅಂದ. ನಾನು ಅದೇ ಜಾಗದಲ್ಲಿ ಮೇಲೆ ನೋಡಿಕೊಂಡು ಎಷ್ಟು ದಿನ ನಿಂತಿದ್ದೆ!

ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಆ ಸರ್ವೆ ನಂಬರಿನ ಪಹಣಿ ತೆಗೆಸಿ ನೋಡಿದೆ. ಸರ್ಕಾರಿ ಜಮೀನು, ಖರಾಬು. ಗುತ್ತಿಗೆ ಇತ್ತು, ನಿರಾಕ್ಷೇಪಣಾ ಪತ್ರ ಇತ್ತು, ರುಜು ಮೊಹರು ಎಲ್ಲ ಇತ್ತು. ಕಾನೂನು ಮುರಿದವರು ಯಾರೂ ಇಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ಖರಾಬು ಅಂದರೆ ಏನು ಅಂತ ನಿಮಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ಓದುವ ಉಳಿದವರಿಗಾಗಿ ಹೇಳುತ್ತೇನೆ. ನೆಲ ಅಳೆದು ಕಂದಾಯ ಕಟ್ಟುವಾಗ ಬೆಳೆ ಬರುವುದು ಎಷ್ಟು, ಬಾರದ್ದು ಎಷ್ಟು ಅಂತ ಬೇರೆ ಮಾಡಬೇಕಿತ್ತು. ಬಾರದ್ದು ಖರಾಬು. ಅದರಲ್ಲೂ ಎರಡು. ಕಲ್ಲು, ಬಂಡೆ ಅಂತ ಉಳುಮೆಗೆ ಬಾರದ್ದು 'ಅ' ಖರಾಬು. ದಾರಿ, ಹಳ್ಳ, ಕೆರೆ, ಸ್ಮಶಾನ ಅಂತ ಎಲ್ಲರಿಗೂ ಬೇಕಾದ್ದು 'ಬ' ಖರಾಬು. ಕಂದಾಯದ ಲೆಕ್ಕಕ್ಕೆ ಇದು ಸರಿಯಾದ ವಿಂಗಡಣೆಯೇ. ಆದರೆ ಕಾಲ ಕಳೆದ ಹಾಗೆ ಲೆಕ್ಕದ ಪದ ಜನರ ತಲೆಯೊಳಗೂ ಕೂತುಬಿಟ್ಟಿತು. ಕಡತದಲ್ಲಿ ಖರಾಬು ಅಂತ ಕಂಡರೆ ಸಾಕು, ಅಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ ಅಂತ ಓದಿಕೊಳ್ಳುತ್ತೇವೆ. ಕ್ವಾರಿಗೆ ಬಂಡೆ ಬೇಕೇ? ಖರಾಬು ಇದೆ. ರೆಸಾರ್ಟಿಗೆ ನೋಟ ಚೆನ್ನಾಗಿರುವ ಜಾಗ ಬೇಕೇ? ಅದೇ ಖರಾಬು.

ಕೋಟೆ ಕಟ್ಟಿದವರಿಗೆ ಬಂಡೆ ಖರಾಬಾಗಿರಲಿಲ್ಲ. ಚಿತ್ರದುರ್ಗ, ಮಧುಗಿರಿ, ಸಾವನದುರ್ಗ ಎಲ್ಲವೂ ಬಂಡೆಯನ್ನು ನಂಬಿ ಕೂತ ಕೋಟೆಗಳೇ. 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗಕ್ಕೆ ಫಿರಂಗಿ ಹೊತ್ತು ಬಂದದ್ದು ಖರಾಬು ಜಮೀನು ಹಿಡಿಯೋದಕ್ಕಲ್ಲ, ಅಲ್ವಾ?

ಸಾವನದುರ್ಗದ ಮಾತು ಬಂತಲ್ಲ, ಸ್ವಲ್ಪ ಹೇಳುತ್ತೇನೆ. ಕರಿಗುಡ್ಡ, ಬಿಳಿಗುಡ್ಡ ಎರಡೂ ಸೇರಿದ ಬೆಟ್ಟ ಅದು, ಎತ್ತರ 1226 ಮೀಟರ್. ಅದರ ಮೈಮೇಲೆ ಹತ್ತುವವರು ಹುಡುಕಿಕೊಂಡ ದಾರಿಗಳಿಗೆ ಹೆಸರುಗಳೂ ಇವೆ. ಬೆಳದಿಂಗಳು ಅಂತ ಒಂದು, ದೀಪಾವಳಿ ಅಂತ ಇನ್ನೊಂದು. ಆ ದಾರಿಗಳಲ್ಲಿ ಬಹಳ ಕಡೆ ಹಿಡಿಯಲು ಏನೂ ಸಿಗುವುದಿಲ್ಲ. ಇಳಿಜಾರು ಬಂಡೆ, ಅದರ ಮೇಲೆ ಸಾಸಿವೆ ಕಾಳಿನಷ್ಟು ಹರಳುಗಳು. ಬೂಟಿನ ರಬ್ಬರು ಆ ಹರಳನ್ನು ಕಚ್ಚಿಕೊಳ್ಳುತ್ತದೆ ಅಂತ ನಂಬಿ ಎದ್ದು ನಿಲ್ಲಬೇಕು. ಹೆದರಿ ಬಂಡೆಗೆ ಎದೆ ಒತ್ತಿದರೆ ಜಾರುವುದು ಗ್ಯಾರಂಟಿ. ಬಿಸಿಲೇರಿದ ಮೇಲೆ ರಬ್ಬರು ಮೆತ್ತಗಾಗುತ್ತದೆ, ಅದಕ್ಕೇ ನಾವು ಕತ್ತಲಲ್ಲೇ ಹೋಗುವುದು.

ಆ ಹರಳಿನ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಕನಕಪುರದ ಕಡೆಯಿಂದ ಉತ್ತರಕ್ಕೆ ಬಳ್ಳಾರಿ, ಕೊಪ್ಪಳದ ಸೀಮೆವರೆಗೆ ಸುಮಾರು 400 ಕಿ.ಮೀ. ಉದ್ದಕ್ಕೆ ಪಟ್ಟಿಯ ಹಾಗೆ ಹಾದುಹೋಗಿದೆ. ಲಾಲ್‌ಬಾಗಿನ ಬಂಡೆ ಇದಕ್ಕಿಂತ ಹಳೆಯದು, ಸುಮಾರು 300 ಕೋಟಿ ವರ್ಷದ್ದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮುಂದೆ ಬೋರ್ಡು ನೆಟ್ಟಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇವೆ. ಅದರ ಅಣ್ಣತಮ್ಮಂದಿರು ಹಳ್ಳಿಯ ಸರ್ವೆ ನಂಬರಿನೊಳಗೆ ಸಿಕ್ಕಿಹಾಕಿಕೊಂಡ ತಪ್ಪಿಗೆ ಜಲ್ಲಿಯಾಗುತ್ತಿದ್ದಾರೆ.

ಹತ್ತುವವರ ಖುಷಿಗೆ ಬೆಟ್ಟ ಉಳಿಸಿ ಅಂದರೆ ನೀವು ನಗಬಹುದು. ನಗಿ, ತೊಂದರೆಯಿಲ್ಲ. ನಾವು ಇರುವುದೇ ನಾಲ್ಕು ಜನ. ಆದರೆ ಬಂಡೆಯಿಂದ ನೀರು ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ನೋಡಿ. ಬಂಡೆ ನೀರು ಕುಡಿಯುವುದಿಲ್ಲ. ಒಂದು ಹದ ಮಳೆ ಬಿದ್ದರೂ ಮೈಮೇಲೆ ಬಿದ್ದದ್ದನ್ನೆಲ್ಲ ಕೆಳಕ್ಕೆ ಇಳಿಸುತ್ತದೆ. ಮೊದಲು ದೊಣೆ, ಆಮೇಲೆ ಬುಡದ ಕುರುಚಲು ಕಾಡು, ಆಮೇಲೆ ಕಟ್ಟೆ, ಕೊನೆಗೆ ಕೆರೆ. ನಮ್ಮ ಹಿರಿಯರು ಎಷ್ಟೋ ಕಡೆ ಗುಡ್ಡದ ಕೆಳಗೇ ಕೆರೆ ಕಟ್ಟಿದ್ದು ಇದಕ್ಕೇ. ಕೆರೆಯನ್ನು 'ಬ' ಖರಾಬು ಅಂತ ಕಾಪಾಡಿ, ಅದಕ್ಕೆ ನೀರು ಕೊಡುವ ಬಂಡೆಯನ್ನು 'ಅ' ಖರಾಬು ಅಂತ ಕೊಟ್ಟುಬಿಟ್ಟರೆ ಲೆಕ್ಕ ಹೇಗೆ ತಾಳೆಯಾಗುತ್ತದೆ ಸಾರ್? ಕುರುಚಲು ಕಾಡಿನ ಕರಡಿ, ಚಿರತೆ, ಹಳದಿ ಕೊರಳಿನ ಪಿಕಳಾರದ ಲೆಕ್ಕವನ್ನು ನಾನು ಇನ್ನೂ ಎತ್ತಿಲ್ಲ.

ಆ ಅಜ್ಜಿಯ ಆಡುಗಳೂ ಅಲ್ಲೇ ಮೇಯುತ್ತಿದ್ದವು.

ಇನ್ನೊಂದು ಕಡೆಯ ಮಾತನ್ನೂ ಹೇಳಲೇಬೇಕು. ನಾನಿರುವ ಅಪಾರ್ಟ್‌ಮೆಂಟು ಎಂ-ಸ್ಯಾಂಡಿನಲ್ಲಿ, ಅಂದರೆ ಬಂಡೆ ಪುಡಿಮಾಡಿ ತೆಗೆದ ಮರಳಿನಲ್ಲಿ ಕಟ್ಟಿದ್ದು. ನದಿ ಮರಳು ತೆಗೆಯಬೇಡಿ ಅಂತ ನಾವೇ ಕೂಗಿದೆವು. ಸರಿಯಾಗಿಯೇ ಕೂಗಿದೆವು. ಆ ಭಾರ ಬಂಡೆಯ ಮೇಲೆ ಬಿತ್ತು. ನನ್ನ ಮನೆಯ ಗೋಡೆಯೂ ಯಾವುದೋ ಊರಿನ ಕಲ್ಲುಗುಟ್ಟೆ. ಹಾಗಾಗಿ ಕ್ವಾರಿಯೇ ಬೇಡ ಅನ್ನುವ ಮುಖ ನನಗಿಲ್ಲ. ತಲೆಮಾರುಗಳಿಂದ ಉಳಿ, ಸುತ್ತಿಗೆ ಹಿಡಿದು ಸೈಜುಗಲ್ಲು ಒಡೆದು ಬದುಕಿದ ಭೋವಿ ಮನೆಗಳಿವೆ. ಅವರು ಒಂದು ವರ್ಷ ಒಡೆದರೂ ಗುಡ್ಡದ ಮೂಗು ಮೊಂಡಾಗುತ್ತಿರಲಿಲ್ಲ. ಹಂಪಿಗೆ ಹೋದರೆ ಗುಂಡುಗಳ ಅಂಚಿನಲ್ಲಿ ಸಾಲಾಗಿ ಚೌಕ ತೂತುಗಳು ಕಾಣುತ್ತವೆ. ವಿಜಯನಗರದ ಕಾಲದಲ್ಲಿ ಬೆಣೆ ಹೊಡೆದು ಕಲ್ಲು ಸೀಳಿದ ಗುರುತು. ಅಷ್ಟು ದೊಡ್ಡ ಪಟ್ಟಣ ಕಟ್ಟಿದ ಮೇಲೂ ಅಲ್ಲಿ ಬೆಟ್ಟಗಳು ಉಳಿದವು. ಈಗ ಮದ್ದು, ಯಂತ್ರ, ಕ್ರಷರ್. ವೇಗವೇ ಬೇರೆ. ಮದ್ದು ಏನು ಮಾಡುತ್ತದೆ ಅಂತ 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಅದು ಸಿಡಿದು ಜನ ಸತ್ತ ರಾತ್ರಿಯೇ ನೋಡಿದ್ದೇವೆ.

ಬಂಡೆಯೆಲ್ಲ ನಮಗೇ ಬಿಡಿ ಅಂತಲೂ ನಾನು ಕೇಳುತ್ತಿಲ್ಲ. ರಾಮದೇವರ ಬೆಟ್ಟದಲ್ಲಿ ಒಂದು ಕಾಲಕ್ಕೆ ಹತ್ತುವವರ ಜಾತ್ರೆಯೇ ಇರುತ್ತಿತ್ತು. 2012ರಲ್ಲಿ ಅದು ರಣಹದ್ದುಗಳ ಧಾಮವಾಯಿತು, ದೇಶದಲ್ಲೇ ಮೊದಲನೆಯದು. ದನಗಳಿಗೆ ಕೊಡುತ್ತಿದ್ದ ಡಿಕ್ಲೋಫೆನಾಕ್ ಔಷಧಿಯಿಂದ ದೇಶದಲ್ಲೆಲ್ಲ ರಣಹದ್ದುಗಳು ಸತ್ತು, 2006ರಲ್ಲಿ ಆ ಔಷಧಿ ನಿಲ್ಲುವ ಹೊತ್ತಿಗೆ ಉಳಿದದ್ದೇ ಕೆಲವು. ಅವು ಗೂಡು ಕಟ್ಟುವ ಬಂಡೆಗೆ ನಾವು ಹಗ್ಗ ಇಳಿಬಿಡುವುದು ತಪ್ಪು. ಒಳ್ಳೊಳ್ಳೆ ದಾರಿಗಳು ಕೈಬಿಟ್ಟವು ಅಂತ ಬೇಜಾರಾಯಿತು, ಅಷ್ಟೆ. ಹಾಗೇ 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ವಿರೂಪಾಪುರ ಗಡ್ಡೆಯ ಹೋಟೆಲುಗಳನ್ನು ಕೆಡವಿದರು. ಹಂಪಿಗೆ ಹತ್ತಲು ಬರುತ್ತಿದ್ದವರೆಲ್ಲ ಉಳಿಯುತ್ತಿದ್ದುದು ಅಲ್ಲೇ. ಹೊಟ್ಟೆ ಉರಿಯಿತು. ಆದರೂ ಹಂಪಿ ದೊಡ್ಡದೋ ನಮ್ಮ ಬೆಳಗಿನ ಚಹಾ ದೊಡ್ಡದೋ? ಬಂಡೆಯ ಪರವಾಗಿ ಬಿಟ್ಟುಕೊಡು ಅಂದರೆ ಬಿಟ್ಟುಕೊಡುತ್ತೇವೆ. ಬಂಡೆಯೇ ಇಲ್ಲವಾದರೆ ಬಿಟ್ಟುಕೊಡುವುದಕ್ಕಾದರೂ ಏನಿರುತ್ತದೆ?

ಅಭಿವೃದ್ಧಿಯ ಹೆಸರಿನಲ್ಲಿ ಬರುವ ಪ್ರೀತಿಯೂ ಕಷ್ಟವೇ. ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ 2021ರಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಿದ್ದರು. ಇರುವ ಕಾಡಿಗೇ ಪಾರ್ಕು! ಸುತ್ತಲಿನ ಜನ, ಸೈಕಲ್‌ನವರು, ಹತ್ತುವವರು ಎಲ್ಲ ಸೇರಿ ಬೇಡ ಅಂದ ಮೇಲೆ ಕೈಬಿಟ್ಟರು. ನಗರದ ಮಗ್ಗುಲಲ್ಲಿತ್ತು, ಕೂಗು ಕೇಳಿಸಿತು. ಮಾಗಡಿಯ ಒಳಗಿನ ಹಳ್ಳಿಯಿಂದ ಅಜ್ಜಿ ಕೂಗಿದರೆ ಯಾರಿಗೆ ಕೇಳಿಸುತ್ತದೆ?

ಇನ್ನು ಪಟ್ಟಿಯಿಂದ ತೆಗೆಯುವ ಕೆಲಸ. ಪರಿಭಾವಿತ ಅರಣ್ಯ (ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯ ಅಂತ ಅಧಿಸೂಚನೆ ಆಗದಿದ್ದರೂ ಕಾಡು ಅಂತಲೇ ಎಣಿಸುವ ಜಾಗ) ಅಂತ ಮೊದಲು ಗುರುತಿಸಿದ್ದು ರಾಜ್ಯದಲ್ಲಿ ಸುಮಾರು 9.9 ಲಕ್ಷ ಹೆಕ್ಟೇರ್. 2022ರಲ್ಲಿ ಉಳಿಸಿಕೊಂಡದ್ದು ಸುಮಾರು 3.3 ಲಕ್ಷ. ಮನೆ, ಶಾಲೆ, ಉಳುವವರ ಹೊಲ ಪಟ್ಟಿಯಲ್ಲಿ ಸೇರಿಕೊಂಡಿದ್ದರಿಂದ ಬಿಡಬೇಕಾಯಿತು ಅನ್ನುವುದು ಸರಿಯೇ. ಆದರೆ ಹಾಗೆ ಬಿಟ್ಟದ್ದರಲ್ಲಿ ಮನೆಯೂ ಇಲ್ಲದ, ಉಳುಮೆಯೂ ಇಲ್ಲದ ಕಲ್ಲುಗುಡ್ಡಗಳಿದ್ದರೆ ಅವುಗಳ ಗತಿ ಏನು? ಅರಣ್ಯ ಇಲಾಖೆಯ ಕೈ ಬಿಟ್ಟ ಮೇಲೆ ಅವು ಬರುವುದು ನಿಮ್ಮ ಕಡತಕ್ಕೇ.

ಹಾಗಾಗಿ ಕೇಳುವುದು ಇಷ್ಟೇ. ಹೊಸ ಕಾನೂನು ಬೇಡ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಂ ಇದ್ದೇ ಇದೆ. ದನಗಳ ಮೇವಿಗೆ, ಅರಣ್ಯಕ್ಕೆ ಅಥವಾ ಬೇರೆ ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರಿ ಜಮೀನನ್ನು ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಗೋಮಾಳ ಉಳಿದಿರುವುದು ಹಾಗೆಯೇ. ಪ್ರತಿ ತಾಲ್ಲೂಕಿನಲ್ಲೂ ಕಲ್ಲುಗುಡ್ಡಗಳ ಒಂದು ಪಟ್ಟಿ ಮಾಡಿಸಿ. ಗ್ರಾಮ ಆಡಳಿತ ಅಧಿಕಾರಿಗಳಿಗೆ (ಹಿಂದಿನ ಗ್ರಾಮ ಲೆಕ್ಕಿಗರಿಗೆ) ಅವೆಲ್ಲ ಕಣ್ಣುಮುಚ್ಚಿಕೊಂಡರೂ ಗೊತ್ತು. ಎಲ್ಲಿ ದೊಣೆ ಇದೆ, ಯಾವ ಗುಡ್ಡದ ನೀರು ಯಾವ ಕೆರೆಗೆ, ಎಲ್ಲಿ ದೇವರಿದೆ, ಎಲ್ಲಿ ಹದ್ದು ಗೂಡು ಕಟ್ಟುತ್ತದೆ, ಎಲ್ಲಿ ಹುಡುಗರು ಹತ್ತುತ್ತಾರೆ ಅಂತ ಬರೆಸಿ. ಅದರಲ್ಲಿ ಉಳಿಸಬೇಕಾದ್ದನ್ನು ಕಾಯ್ದಿರಿಸಿ. ಕ್ವಾರಿಗೋ ರೆಸಾರ್ಟಿಗೋ ರೋಪ್‌ವೇಗೋ ನಿರಾಕ್ಷೇಪಣಾ ಪತ್ರ ಕೊಡುವ ಮುಂಚೆ ಆ ಪಟ್ಟಿ ತೆರೆದು ನೋಡಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತಲ್ಲ, ಮರಗಳಿಗೆ ಸಿಕ್ಕ ಮರ್ಯಾದೆಯಲ್ಲಿ ಸ್ವಲ್ಪ ಕಲ್ಲಿಗೂ ಸಿಗಲಿ.

ನಮ್ಮ ಕಡೆಯಿಂದಲೂ ಕೆಲಸ ಇದೆ. ಕೇಳದೆ ಬಂಡೆಗೆ ಬೋಲ್ಟ್ ಹೊಡೆಯುವವರು ನಮ್ಮಲ್ಲೂ ಇದ್ದಾರೆ. ಕೈ ಜಾರದಿರಲಿ ಅಂತ ಹಚ್ಚಿಕೊಳ್ಳುವ ಚಾಕ್ ಪುಡಿಯ ಬಿಳಿ ಗುರುತು ಉಜ್ಜದೆ ಬರುವವರೂ ಇದ್ದಾರೆ. ಅದಕ್ಕೆ ನಿಯಮ ಮಾಡಿ, ಪಾಲಿಸುತ್ತೇವೆ. ಪಟ್ಟಿ ಮಾಡುವಾಗ ಮೇಲಕ್ಕೆ ಹತ್ತಿ ನೋಡುವವರು ಬೇಕಾದರೆ ಬಿಟ್ಟಿಯಾಗಿ ಬರುತ್ತೇವೆ. ಹಗ್ಗವೂ ನಮ್ಮದೇ.

ಅಜ್ಜಿ ಈಗ ಆಡುಗಳನ್ನು ಹೊಡೆದುಕೊಂಡು ಇನ್ನೊಂದು ಗುಡ್ಡಕ್ಕೆ ಹೋಗುತ್ತಾರೆ, ಮೊದಲಿನದಕ್ಕಿಂತ ಅರ್ಧ ಗಂಟೆ ದೂರ. ಹೋದ ತಿಂಗಳು ನಾನೂ ಹೋಗಿದ್ದೆ. ಬುಡದ ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ಬಾಣದ ಗುರುತು, ಪಕ್ಕದಲ್ಲಿ ಒಂದು ನಂಬರು. ಯಾರು ಬರೆದರು ಅಂತ ಅಜ್ಜಿಗೆ ಗೊತ್ತಿಲ್ಲ. ಜೀಪಿನಲ್ಲಿ ಬಂದಿದ್ದರಂತೆ. ಆ ಗುಡ್ಡದ ಸರ್ವೆ ನಂಬರನ್ನು ನಿಮ್ಮ ಕಚೇರಿಗೆ ಬೇರೆ ಅರ್ಜಿಯಲ್ಲಿ ಕಳಿಸಿದ್ದೇನೆ. ಪಟ್ಟಿಯನ್ನು ಅಲ್ಲಿಂದಲೇ ಶುರು ಮಾಡಬಹುದು ಸಾರ್.

ಇಂತಿ,
ಭಾನುವಾರದ ಬಂಡೆ ಹತ್ತುವವನೊಬ್ಬ
ಬೆಂಗಳೂರು